ಚನ್ನಾಜಮ್ಮನ ಬಿಳಿ ಹುಬ್ಬು

ವಾರಪತ್ರಿಕೆಯವರು ಕೇಳದೇ ಇದ್ದಿದ್ದರೆ ಜಡೇಸ್ವಾಮಿ ಹೇಳುತ್ತಿರಲಿಲ್ಲ. ಆದರೆ ಮೂವತ್ತೆಂಟು ವರ್ಷದಲ್ಲಿ ಅವನನ್ನು ಯಾರೂ ಏನೂ ಕೇಳಿರಲಿಲ್ಲವಾದ್ದರಿಂದ ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಹೇಳಿಬಿಟ್ಟ.

ಕೊಳ್ಳೇಗಾಲದ ಪ್ರೈಮರಿ ಶಾಲೆಯಲ್ಲಿ ಮೂರನೇ ಕ್ಲಾಸಿನ ಮೇಷ್ಟ್ರು ಅವನು. ಬಿಡುವಿನಲ್ಲಿ ಬರೆದ ‘ನೂಲುಗಿರಿ’ ಮಾಲೆಯ ಎಂಟು ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಾಳೆಹಣ್ಣಿನ ಪಕ್ಕದಲ್ಲೇ ನೇತಾಡುತ್ತಿದ್ದವು. ಮಾಯದ ನೂಲಿನ ಬೆಟ್ಟ, ಅದನ್ನು ಹತ್ತುವ ರಾಜಕುಮಾರ, ಕಣ್ಣು ಹಾಯಿಸಿದರೆ ಜೀವ ಹಿಂಡಿ ನೂಲಿನಲ್ಲಿ ಸುತ್ತಿಡುವ ಮಾಟಗಾತಿ ತಂತುಮಾಲಿನಿ. ಓದು ಬಾರದವರು ಕ್ಷೌರದಂಗಡಿಯಲ್ಲಿ ಕೂತು ಓದಿಸಿಕೊಳ್ಳುತ್ತಿದ್ದರು. ಕ್ಷೌರ ಮುಗಿದರೂ ಏಳುತ್ತಿರಲಿಲ್ಲ.

1968ರಲ್ಲಿ ಪತ್ರಿಕೆಯವರು ಬಂದು, ಇವೆಲ್ಲ ಎಲ್ಲಿಂದ ಬಂದವು ಎಂದರು. ಜಡೇಸ್ವಾಮಿ ಕಾಲ ಮೇಲೆ ಕಾಲು ಹಾಕಿ ಹೇಳಿದ. ರಾಜಕುಮಾರನನ್ನು ಕಟ್ಟಿಹಾಕಿದ ಕಲ್ಲಿನ ಸರಪಳಿ ಯಳಂದೂರಿನ ಗುಡಿಯ ಬಳೆಮಂಟಪದ್ದು. ಮಾತಾಡುವ ಕುಂಟು ಕುದುರೆ ಕೌದಳ್ಳಿಯ ಒಬ್ಬ ಅಂಗಡಿಯವನದು, ಮಾತೊಂದು ಬಿಟ್ಟು. ಗುಡುಗಾಸುರ ಎಂದರೆ ನಮ್ಮ ಹೆಡ್‌ಮಾಸ್ಟರ್ ಗುರುಮಲ್ಲಪ್ಪನವರು. ತಂತುಮಾಲಿನಿ ಎಂದರೆ ಧನಗೆರೆಯ ಒಬ್ಬ ಮುದುಕಿ. ಎಡಗೈಯವಳು, ಒಂದು ಹುಬ್ಬು ಬಿಳಿ. ಬೆಟ್ಟವೋ? ಬೆಟ್ಟ ಮಾತ್ರ ನನ್ನ ಸ್ವಂತ ಕಲ್ಪನೆ.

ಹೆಡ್‌ಮಾಸ್ಟರರು ಪತ್ರಿಕೆಯ ಆರು ಪ್ರತಿ ತರಿಸಿ ಬೀಗರಿಗೆಲ್ಲ ಕಳಿಸಿದರು. ರಾಕ್ಷಸನಾಗಿದ್ದರಿಂದ ಅವರಿಗೆ ಮರ್ಯಾದೆಯೇ ಹೆಚ್ಚಿತು. ಕುದುರೆಯ ಯಜಮಾನ ಅಂಗಡಿಯ ಮುಂದೆ ಬೋರ್ಡನ್ನೇ ಬರೆಸಿದ.

ಎರಡು ತಿಂಗಳ ಮೇಲೆ, ರೇಷ್ಮೆಗೂಡಿನ ಮಾರ್ಕೆಟ್ಟಿನ ಮುಂದೆ ಧನಗೆರೆಯ ಶಿವಮಲ್ಲಪ್ಪ ಸಿಕ್ಕಿ ಅವನ ಎರಡೂ ಕೈ ಹಿಡಿದುಕೊಂಡ. ಊರಿಗೆಲ್ಲ ದೊಡ್ಡ ಹುಳು ಸಾಕಣೆ ಅವನದು.

“ನಮ್ಮೂರ್ ಉಳಿಸ್ಬುಟ್ರಿ ಮೇಷ್ಟ್ರೆ. ಓದೊರ್ಸ ನಮ್ ಉಳ ಎಲ್ಲಾ ಆಲ್‌ರೋಗ ಬಂದು ಆಲ್ನಂಗೆ ಕರ್ಗೋದ್ವಲ್ಲ, ಯಾಕ ಅಂತ ಈಗ ಗೊತ್ತಾಯ್ತು.”

“ಯಾಕಂತೆ?”

“ಚನ್ನಾಜಮ್ಮ ಕಣ್ರಿ. ನೀವೇ ಬರೆದವ್ರು ನನ್ನ ಕೇಳ್ತೀರಲ್ಲ. ಈಗ ಯಾರೂ ಅವ್ಳ್ನ ಉಳದ್ ಮನೆಗೆ ಸೇರ್ಸಾಕಿಲ್ಲ.”

“ಅದು ಕತೆ ಶಿವಮಲ್ಲಪ್ಪ.”

“ಕತೇನೆ ಸರಿ. ಉಬ್ಬು? ಉಬ್ಬೂ ಕತೆಯಾ?”

ಎಂಟು ಪುಸ್ತಕದಲ್ಲಿ ಯಾವ ರಾಕ್ಷಸನೂ ಜಡೇಸ್ವಾಮಿಯನ್ನು ಹೀಗೆ ಬಾಯಿ ಕಟ್ಟಿ ನಿಲ್ಲಿಸಿರಲಿಲ್ಲ.

ರೇಷ್ಮೆ ಹುಳು ಹಣ್ಣಾಗುವ ದಿನ ಒಂದು ಮನೆಗೆ ಎಷ್ಟು ಕೈ ಇದ್ದರೂ ಸಾಲದು. ಪೊರೆ ಬಿಡುವ ನಾಲ್ಕು ಜ್ವರ ಕಳೆದು, ಸೊಪ್ಪು ಬಿಟ್ಟು, ತಲೆಯೆತ್ತಿ ಆಡಿಸುವ ಹುಳುವನ್ನು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಂಕಿಯ ಮೇಲೆ ಬಿಡಬೇಕು. ಇನ್ನೂ ಹಣ್ಣಾಗದೆ ಹಸಿರು ಉಳಿದದ್ದನ್ನು ಅಲ್ಲಿ ಬಿಟ್ಟರೆ ಗೂಡು ಕಟ್ಟದು. ತಡಮಾಡಿದರೆ ನೂಲು ಸಾಕುವ ತಟ್ಟೆಯಲ್ಲೇ ಹಾಳು. ಚನ್ನಾಜಮ್ಮ ಒಂದು ಹುಳುವನ್ನು ಬೆಳಕಿಗೆ ಹಿಡಿದು, ಮೈ ಜೇನಿನ ಹಾಗೆ ಹೊಳೆಯುತ್ತದೋ ಇಲ್ಲವೋ ನೋಡಿ, ಆ ತಟ್ಟೆಯ ಹಣೆಬರಹ ಹೇಳುತ್ತಿದ್ದಳು. ಮೂವತ್ತು ವರ್ಷ ಧನಗೆರೆಯಲ್ಲಿ ಅವಳಿಲ್ಲದೆ ಒಂದು ಬೆಳೆಯೂ ಕೈಗೆ ಹತ್ತಿರಲಿಲ್ಲ. ಹಿಂದಿಲ್ಲ ಮುಂದಿಲ್ಲದ ಹೆಂಗಸಿಗೆ ಊರೊಳಗಿದ್ದ ಜಾಗ ಅದೊಂದೇ.

ಧನಗೆರೆಯಲ್ಲೇ ಬೆಳೆದ ಜಡೇಸ್ವಾಮಿ ಚಿಕ್ಕಂದಿನಲ್ಲಿ ಅವಳ ಹಿಂದೆಯೇ ಇರುತ್ತಿದ್ದ. ಹುಳು ಆಯುತ್ತಾ ಅವಳು ಕತೆ ಹೇಳುತ್ತಿದ್ದಳು: ಒಂದಾನೊಂದು ಹುಳ ನೂಲುತ್ತ ನೂಲುತ್ತ ನಿಲ್ಲಿಸುವುದನ್ನೇ ಮರೆತು, ಆ ನೂಲೇ ಒಂದು ಬೆಟ್ಟವಾಯಿತಂತೆ. ಸ್ವಂತ ಕಲ್ಪನೆಯ ಬೆಟ್ಟ ಅದೇ. ಅವಳ ಬೆಟ್ಟವನ್ನು ತನ್ನ ಹೆಸರಿಗೆ ಮಾಡಿಕೊಂಡು, ಅವಳ ಹುಬ್ಬನ್ನು ಮಾತ್ರ ಅವಳ ಹೆಸರಿಗೆ ಬಿಟ್ಟಿದ್ದ.

ಭಾನುವಾರ ಧನಗೆರೆಗೆ ಸೈಕಲ್ ತುಳಿದುಕೊಂಡು ಹೋದ. ಚನ್ನಾಜಮ್ಮ ಜಗಲಿಯ ಮೇಲೆ ಕೈ ಕಟ್ಟಿ ಕೂತಿದ್ದಳು. ಆ ಕೈಗಳು ಸುಮ್ಮನೆ ಕೂತದ್ದನ್ನು ಅವನು ಹಿಂದೆಂದೂ ನೋಡಿರಲಿಲ್ಲ.

“ಬಾರಪ್ಪ. ಬುಕ್ಕು ತಂದಿದ್ದೀಯಾ?”

“ದೊಡ್ಡವ್ವ, ನನ್ನಿಂದ ತಪ್ಪಾಯ್ತು.”

“ತಪ್ಪು ಆಮೇಲ್ ಮಾಡುವೆ. ಮೊದ್ಲು ಓದು. ಊರೋರೆಲ್ಲ ಓದವ್ರೆ, ನಾನೊಬ್ಳೇ ಕೇಳಿಲ್ಲ.”

ಅವನು ಓದಿದ. ‘ತಂತುಮಾಲಿನಿ ಬಂದಳು’ ಎಂದ. ‘ಕುಳಿತಳು’ ಎಂದ. ನಡುವಿನ ನಾಲ್ಕು ಸಾಲು ನುಂಗಿ ಪುಟ ತಿರುವಿದ.

“ನಿನ್ ಕಣ್ಣು ಕೆಳಗಂಟ ಓಯ್ತದೆ, ಬಾಯಿ ಮೇಲೇ ಅದೆ,” ಎಂದಳು ಚನ್ನಾಜಮ್ಮ. “ಮೂವತ್ತೊರ್ಸ ಉಳ ನೋಡಿದ್ ಕಣ್ಣು ಕಣಪ್ಪ ಇದು. ಬುಟ್ಟಿದ್ದನ್ನೂ ಓದು.”

ಓದಿದ. ಬಿಳಿ ಹುಬ್ಬಿನ ಕೆಳಗಿನ ಕಣ್ಣು ತಟ್ಟೆಯ ಮೇಲೆ ಬಿದ್ದದ್ದು, ಜೀವಗಳು ಹಾಲಿನಂತೆ ಕರಗಿದ್ದು, ಎಡಗೈ ಶವಗಳನ್ನು ಆಯ್ದದ್ದು. ತನ್ನದೇ ವಾಕ್ಯಗಳು ಎಷ್ಟು ಚೆನ್ನಾಗಿವೆ ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಕಿವಿ ಬಿಸಿಯಾಯಿತು.

ಚನ್ನಾಜಮ್ಮ ಎಲೆಯಡಿಕೆ ಹಾಕಿಕೊಂಡಳು. “ಚೆಂದಾಗಿ ಬರೆದಿದ್ದೀಯ. ಕೇಳಿದ್ರೆ ನಂಗೇ ನನ್ ಕಂಡ್ರೆ ಬಯ ಆಯ್ತದೆ.” ಸ್ವಲ್ಪ ಹೊತ್ತು ಅಗಿದು, “ನಿನ್ ಮನೆ ಉಳ ಈಗ ಎಷ್ಟನೇ ಜ್ವರ?” ಎಂದಳು.

“ನಾಲ್ಕೂ ಕಳೀತು. ನಾಳೆ ಹಣ್ಣಾಗ್ತವೆ.”

“ನಾಳೆ ಬರ್ಲಾ?”

ಜಡೇಸ್ವಾಮಿ ‘ಬನ್ನಿ’ ಎನ್ನಬೇಕಿತ್ತು. ಎಂದ ಕೂಡ. ಆದರೆ ಅದಕ್ಕೆ ಮುಂಚೆ ಒಂದು ಉಸಿರಿನಷ್ಟು ಹೊತ್ತು ತನ್ನ ಮನೆಯ ನಲವತ್ತು ತಟ್ಟೆಗಳು ಕಣ್ಣೆದುರು ಬಂದವು. ಅವುಗಳ ಮೇಲೆ ಆ ಹುಬ್ಬು ಬಾಗಿತು.

ಚನ್ನಾಜಮ್ಮ ಉಗುಳಿ, ಬಾಯಿ ಒರೆಸಿಕೊಂಡಳು.

“ಊರೋರು ಓದವ್ರೆ ಅಂತ ಬೇಜಾರಿರ್ಲಿಲ್ಲ,” ಎಂದಳು. “ನೀನೂ ಓದಿದ್ದೀಯ ಕಣಪ್ಪ.”

ಆದರೂ ಮಾರನೆಯ ಬೆಳಿಗ್ಗೆ ಬಂದಳು, ಅವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು. ಗಂಡನ ಒಂದು ಪುಸ್ತಕವನ್ನೂ ಓದದ ಜಡೇಸ್ವಾಮಿಯ ಹೆಂಡತಿ ಶಿವರತ್ನಮ್ಮ ಬಾಗಿಲಲ್ಲೇ ಅವಳ ಕೈ ಹಿಡಿದಳು. “ಎಲ್ಲೋಗ್ಬುಟ್ಟಿದ್ರಿ ಅತ್ತೆ, ಎಲ್ಡು ಬೆಳೆಯಿಂದ ನಾನೊಬ್ಳೇ ಸಾಯ್ತಾ ಇವ್ನಿ. ಇವ್ರು ಒಂದ್ ಉಳ ಮುಟ್ಟಾಕಿಲ್ಲ, ಬರೀತಾ ಕೂತಿರ್ತಾರೆ.”

“ಬರೀಲಿ ಬುಡವ್ವ, ಅವ್ನ್ ಕೆಲ್ಸ,” ಎಂದು ಚನ್ನಾಜಮ್ಮ ರೋಗ ಒಳಬಾರದಂತೆ ಹೊಸ್ತಿಲಿಗೆ ಚೆಲ್ಲಿದ್ದ ಸುಣ್ಣ ತುಳಿದು ಒಳಗೆ ಹೋದಳು. ಬೈಗಿನವರೆಗೆ ಎಡಗೈ ನಿಲ್ಲಲಿಲ್ಲ. ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಜಡೇಸ್ವಾಮಿಗೆ, “ಬೆಳಕು ಬುಟ್ಟು ನಿಂತ್ಕೊ,” ಎಂದಳು.

ಮುಂದಿನ ನಾಲ್ಕು ದಿನ ಅವನು ಶಾಲೆಯ ಬೆಲ್ಲಿಗೊಮ್ಮೆ ಮನೆಗೆ ಓಡಿ ಬಂದು ಚಂದ್ರಂಕಿ ನೋಡಿದ. ಐದನೆಯ ದಿನ ಗೂಡು ಅಲುಗಿಸಿದರೆ ಒಳಗಿನ ಹುಳು ಕಡಲೆಬೀಜದ ಹಾಗೆ ಗಟ್ಟಿಯಾಗಿ ಸದ್ದು ಮಾಡಿತು. ಅಬ್ಬಾ ಎಂದುಕೊಂಡ. ಆ ‘ಅಬ್ಬಾ’ ಎಲ್ಲಿಂದ ಬಂತೆಂದು ತಿಳಿದು, ಗೂಡನ್ನು ಕೆಳಗಿಟ್ಟ.

ಗೂಡು ತುಂಬಿದ ಚಂದ್ರಂಕಿಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಧನಗೆರೆಯಲ್ಲಿ ಶಿವಮಲ್ಲಪ್ಪನ ಮುಂದೆ ನಿಲ್ಲಿಸಿದ. ಚನ್ನಾಜಮ್ಮ ಬಿಟ್ಟ ಹುಳು, ನೋಡು ಎಂದ. ಬೆಟ್ಟದ ಕತೆಯೂ ಅವಳದೇ, ನಾನು ಕದ್ದದ್ದು ಎಂದ.

ಶಿವಮಲ್ಲಪ್ಪ ಒಂದು ಗೂಡು ಕಿತ್ತು, ಹಿಸುಕಿ ನೋಡಿ ತಲೆದೂಗಿದ. “ನಿಮ್ಮನೇಲಿ ಯಾಕ ಕೆಡುಸ್ತಾಳೆ ಸಾ? ನಿಮ್ಗೆ ಎದರ್ಕತಾಳೆ. ಬರೆದವ್ರಲ್ವಾ?”

ಅದನ್ನೇ ಜಡೇಸ್ವಾಮಿ ಜಗಲಿಯ ಮೇಲಿದ್ದ ಚನ್ನಾಜಮ್ಮನಿಗೆ ಹೇಳಿದ, ತಲೆಯೆತ್ತದೆ.

“ಸರಿ. ಅಂಗಾದ್ರೆ ಇನ್ಮೇಲೆ ನಂಗೆ ನಿನ್ದೊಂದೇ ಮನೆ,” ಎಂದಳು. “ಮುಂದಿನ್ ಬೆಳೆಗೆ ಬರ್ಲಾ?”

“ಬನ್ನಿ ದೊಡ್ಡವ್ವ.” ಅವಳು ಬಾಯಿ ಮುಚ್ಚುವ ಮೊದಲೇ ಅಂದಿದ್ದ.

ಚನ್ನಾಜಮ್ಮ ಅವನ ಗಲ್ಲ ಹಿಡಿದು, ಎಡಗೈಯಿಂದಲೇ, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

“ಇನ್ನೂ ಅಸಿರು,” ಎಂದು ಬಿಟ್ಟಳು.