ಹನ್ನೊಂದನೇ ನಂಬರಿನವನು

"ಆ ಹನ್ನೊಂದನೇ ನಂಬರಿನವನು ಯಾರಯ್ಯಾ?" ಎಂದು ಫೀಲಿಮ್ ಕೇಳಿದ.

ಜನವರಿ ಕಪ್ ಪಂದ್ಯಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದೊಂದೇ. ಲೀಗ್ ಶುರುವಾಗುವುದಕ್ಕೆ ಮುಂಚೆ, ಕ್ರಿಸ್ಮಸ್ಸಿನ ಕೇಕು ಇನ್ನೂ ಹೊಟ್ಟೆಯಲ್ಲಿ ಕರಗದಿರುವಾಗಲೇ, ನಮ್ಮ ಸೀಮೆಯ ಕೌಂಟಿಗಳು ಕೈಯನ್ನೂ ಬಳಸುವ ನಮ್ಮ ಕಡೆಯ ಫುಟ್‌ಬಾಲನ್ನು ತಮ್ಮತಮ್ಮಲ್ಲೇ ಆಡಿಕೊಳ್ಳುವ ಪಂದ್ಯಾವಳಿ ಅದು. ಹಳೇ ಆಟಗಾರರು ಮನೆಯಲ್ಲಿ ಕಾಲು ಚಾಚಿಕೊಂಡಿರುತ್ತಾರೆ. ತರಬೇತುದಾರ ಊರೂರಿನಿಂದ ಹೊಸ ಹುಡುಗರನ್ನು ಹಿಡಿದು ತಂದು ಅಂಗಿ ತೊಡಿಸಿ ನೋಡುತ್ತಾನೆ. ಗೆಲ್ಲುವುದು ಯಾರಿಗೂ ಅಷ್ಟು ಬೇಕಿಲ್ಲ, ಗೆದ್ದರೆ ಅದೇ ಚಳಿಯಲ್ಲಿ ಇನ್ನೊಂದು ಆಟ ಆಡಬೇಕು. ಹೋದ ವರ್ಷ ಗೆದ್ದವರು ಯಾರೆಂದು ಕೇಳಿದರೆ ಗೆದ್ದವರಿಗೇ ನೆನಪಿರುವುದಿಲ್ಲ. ಆದರೂ ಜನ ಹೋಗುತ್ತಾರೆ. ಜನವರಿಯಲ್ಲಿ ಮನೆಯಲ್ಲಿ ಕೂತು ಮಾಡುವುದಾದರೂ ಏನು?

"ಕಿಲ್‌ರಾಯ್ ಕಣಯ್ಯಾ, ಇನ್ಯಾರು?" ಎಂದು ಮ್ಯಾಲಕಿ ತಟ್ಟನೆ ಹೇಳಿದ. "ಹೋದ ವರ್ಷಕ್ಕಿಂತ ಚುರುಕಾಗಿದಾನೆ. ಹೇಗೆ ತಿರುಗಿದ ನೋಡು."

ಅವರಿಬ್ಬರ ನಡುವೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ ಅಟ್ರಾಕ್ಟಾ ತಲೆಯೆತ್ತಿ ಮೈದಾನದ ಕಡೆ ನೋಡಿದಳು. ಹನ್ನೊಂದನೇ ನಂಬರಿನವನು ಕೆಂಚು ಕೂದಲಿನ, ದೀಪದ ಕಂಬದಷ್ಟು ಉದ್ದದ ಹುಡುಗ. ಕಿಲ್‌ರಾಯ್ ಕುಳ್ಳ, ಕಪ್ಪು ಗಡ್ಡದವನು. ಅವನ ಮನೆ ಇವರ ರಸ್ತೆಯಲ್ಲೇ ಇದೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅಟ್ರಾಕ್ಟಾ ಅವನ ತಟ್ಟೆಗೆ ಅದೆಷ್ಟು ವರ್ಷ ಆಲೂಗಡ್ಡೆ ಬಡಿಸಿದ್ದಳೋ. ಅವನನ್ನು ಬೆನ್ನ ಹಿಂದಿನಿಂದ ಕಂಡರೂ ಗುರುತಿಸದವರು ಆ ರಸ್ತೆಯಲ್ಲಿ ಇರಲಿಲ್ಲ.

ಚಹಾ ತುಂಬಿ ಅವಳ ಕೈಗವಸಿನ ಮೇಲೆ ಚೆಲ್ಲಿತು.

ಶುಕ್ರವಾರ ಸಂಜೆ ಊರ ರೇಡಿಯೊದಲ್ಲಿ ತಂಡದ ಹೆಸರು ಓದುತ್ತಾರೆ. ಆ ಹೆಸರುಗಳನ್ನು ನಂಬುವ ಮಗು ಕೂಡ ನಮ್ಮ ಲೀಟ್ರಿಮ್ ಕೌಂಟಿಯಲ್ಲಿ ಸಿಗುವುದಿಲ್ಲ. ಎದುರಾಳಿಯ ಕಣ್ಣಿಗೆ ಮಣ್ಣೆರಚಲು ತರಬೇತುದಾರರು ಒಂದು ತಂಡ ಹೇಳಿ ಇನ್ನೊಂದನ್ನು ಇಳಿಸುವುದು ಮಾಮೂಲು. ಮ್ಯಾಲಕಿ ನಲವತ್ತು ವರ್ಷದಿಂದ ಅದನ್ನು ಗೇಲಿ ಮಾಡುತ್ತ ಬಂದವನು. ರೇಡಿಯೊದವರು ಓದುವ ತಂಡ ರೇಡಿಯೊದಲ್ಲೇ ಆಡಿಕೊಳ್ಳಲಿ ಎನ್ನುತ್ತಿದ್ದ. ಈ ಶುಕ್ರವಾರ ಹನ್ನೊಂದನೇ ನಂಬರು ಕಿಲ್‌ರಾಯ್ ಎಂದು ಓದಿದ್ದರು. ಆ ಮ್ಯಾಲಕಿಯೇ ಈಗ ರೇಡಿಯೊವನ್ನು ನಂಬಿದ್ದ.

ಬೇರೆ ವರ್ಷವಾಗಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ತೆರೆದ ಮೈದಾನದ ಜನವರಿಯಲ್ಲಿ ಎಲ್ಲರೂ ಅರ್ಧ ಕುರುಡರೇ. ಮಂಜು ಬೀಳುತ್ತಿರುತ್ತದೆ, ಇಲ್ಲವೇ ಕನ್ನಡಕದ ಮೇಲೆ ಮಳೆಹನಿ, ಅದೂ ಇಲ್ಲದಿದ್ದರೆ ಇಳಿಬಿಸಿಲು ನೇರ ಕಣ್ಣಿಗೆ. ಮ್ಯಾಲಕಿ ಎರಡು ವರ್ಷದಿಂದ ಇವನ್ನೆಲ್ಲ ಒಂದೊಂದಾಗಿ ಬೈಯುತ್ತ ಕಾಲ ತಳ್ಳಿದ್ದ. ಈ ಸಲ ಹಿಮ ಕಟ್ಟಿ ಊರ ಮೈದಾನ ಕಲ್ಲಾಗಿ, ಆಟವನ್ನು ಮೇಯೊ ಕೌಂಟಿಯಲ್ಲಿರುವ ಗಾಳಿ ತುಂಬಿದ ದೊಡ್ಡ ಗುಮ್ಮಟದೊಳಕ್ಕೆ ವರ್ಗಾಯಿಸಿದ್ದರು. ಇಲ್ಲಿ ಮಂಜಿಲ್ಲ, ಮಳೆಯಿಲ್ಲ, ಸೂರ್ಯನೂ ಇಲ್ಲ. ಬಿಳಿ ಛಾವಣಿಯ ತುಂಬ ದೀಪಗಳು. ಕುಣಿಯಲಾರದವಳು ನೆಲ ಡೊಂಕು ಅನ್ನೋಣವೆಂದರೆ ನೆಲವೂ ಹಾಸಿದ ಚಾಪೆಯಷ್ಟು ಸಮ. ಸೂಜಿ ಬಿದ್ದರೂ ಕಾಣುವಂತಿತ್ತು.

ಕೆಂಚು ಹುಡುಗ ಮೂವರನ್ನು ದಾಟಿಕೊಂಡು ಹೋಗಿ ಗೋಲಿನ ಅಡ್ಡಕಂಬದ ಮೇಲಿಂದ ಚೆಂಡು ಹೊಡೆದು ಒಂದು ಪಾಯಿಂಟು ಗಳಿಸಿದ. ಜನ ಚಪ್ಪಾಳೆ ತಟ್ಟಿದ್ದು ಕೇಳಿ ಮ್ಯಾಲಕಿಯೂ ತಟ್ಟಿದ. "ಕಿಲ್‌ರಾಯ್‌ಗೆ ಎಡಗಾಲಲ್ಲೂ ಹೊಡೆಯೋದು ಬಂದುಬಿಟ್ಟಿದೆ" ಎಂದ. ಹಿಂದಿನ ಸಾಲಿನಲ್ಲಿ ಕೂತಿದ್ದ, ಎದುರಾಳಿ ಸ್ಲೈಗೊ ಕಡೆಯವನೊಬ್ಬ ಮುಂದಕ್ಕೆ ಬಾಗಿದ.

"ಯಾವ ಕಿಲ್‌ರಾಯ್, ಯಜಮಾನ್ರೇ? ನಿಮ್ಮ ಕಿಲ್‌ರಾಯ್ ಅಗೋ, ಬೆಂಚಿನ ಮೇಲೆ ಕಾಲಿಗೆ ಐಸ್ ಇಟ್ಕೊಂಡು ಕೂತಿದಾನೆ. ನಿಮಗೇನು ಕಣ್ಣು ಕಾಣಲ್ವಾ?"

ಅವನು ತಮಾಷೆಗೆ ಅಂದದ್ದು. ಮ್ಯಾಲಕಿಯ ಕೈ ಚಪ್ಪಾಳೆಯ ನಡುವೆ ನಿಂತಿತು. ಅವನು ಬೆಂಚಿನ ಕಡೆ ಮುಖ ತಿರುಗಿಸಿದ, ಆದರೆ ತಿರುಗಿಸಿದ್ದು ಬೆಂಚು ಇಲ್ಲದ ಕಡೆಗೆ. ಅಟ್ರಾಕ್ಟಾ ಹಿಂದಕ್ಕೆ ತಿರುಗಿದಳು. "ನಾನೂ ಕಿಲ್‌ರಾಯ್ ಅಂತಲೇ ಅಂದ್ಕೊಂಡಿದ್ದೆ" ಎಂದು ಅವಳು ಹಿಂದಿನವನಿಗೆ ಹೇಳಿದಳು. "ನಮ್ಮವರು ಇಷ್ಟು ಚೆನ್ನಾಗಿ ಆಡೋದು ನೋಡಿ ಅಭ್ಯಾಸ ಇಲ್ಲ ನೋಡಿ, ಗುರುತು ಸಿಗಲ್ಲ." ಆ ಸಾಲಿನವರೆಲ್ಲ ನಕ್ಕರು. ಫೀಲಿಮ್ ಮಾತ್ರ ನಗದೆ ಸ್ಯಾಂಡ್‌ವಿಚ್ ಸುತ್ತಿದ್ದ ಕಾಗದವನ್ನು ಸಣ್ಣದಾಗಿ ಮಡಚುತ್ತ ಕೂತ.

ಅಂದರೆ ಫೀಲಿಮ್‌ಗೂ ಗೊತ್ತಿತ್ತು.

ಮೂವರೂ ಒಂದೇ ಕಾರಿನಲ್ಲಿ ಆಟಕ್ಕೆ ಬರತೊಡಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಕಾರು ಮ್ಯಾಲಕಿಯದು. ಅವನು ಮೂವತ್ತು ವರ್ಷ ಡೇರಿಯ ಹಾಲಿನ ಲಾರಿ ಓಡಿಸಿದವನು, ಆ ಸೀಮೆಯ ತಿರುವುಗಳೆಲ್ಲ ಅವನ ತೋಳಿನಲ್ಲಿದ್ದವು. ಅಟ್ರಾಕ್ಟಾ ಕಾರು ಕಲಿಯಲೇ ಇಲ್ಲ. ಗಂಡ ಇದ್ದಾಗ ಅವನು ಓಡಿಸುತ್ತಿದ್ದ, ಅವನು ತೀರಿಕೊಂಡ ಮೇಲೆ ಪಕ್ಕದ ಮನೆಯ ಮ್ಯಾಲಕಿ. ಫೀಲಿಮ್‌ನ ಲೈಸೆನ್ಸನ್ನು ಕೋರ್ಟು ಕಿತ್ತುಕೊಂಡಿತ್ತು, ಯಾತಕ್ಕೆಂದು ಅವನ ಕುಡಿತದ ಕೆಂಪು ಮೂಗು ನೋಡಿದರೆ ತಿಳಿಯುತ್ತಿತ್ತು. ಅವರ ರಸ್ತೆಗೆ ಬಸ್ಸಿಲ್ಲ. ಭಾನುವಾರದ ಪೂಜೆ, ಅಂಗಡಿ, ಡಾಕ್ಟರು, ಆಟ, ಎಲ್ಲದಕ್ಕೂ ಆ ಹಳೇ ನೀಲಿ ಕಾರೇ ಗತಿ.

ಹೋದ ಬೇಸಿಗೆಯಿಂದಲೇ ಅಟ್ರಾಕ್ಟಾಗೆ ಅನುಮಾನ. ಅಡ್ಡರಸ್ತೆ ಬಂದಾಗಲೆಲ್ಲ ಮ್ಯಾಲಕಿ "ನಿನ್ನ ಕಡೆ ಏನಾದ್ರೂ ಬರ್ತಿದ್ಯಾ?" ಎಂದು ಕೇಳುತ್ತಿದ್ದ. ನಮ್ಮ ಕಡೆ ಅದೇನೂ ವಿಶೇಷವಲ್ಲ. ಬೇಲಿ ಎತ್ತರವಾಗಿ ಬೆಳೆದಿರುತ್ತದೆ, ಪಕ್ಕದಲ್ಲಿ ಕೂತವರು ಇಣುಕಿ ನೋಡಿ ಹೇಳುವುದು ಪದ್ಧತಿ. ಆಮೇಲೆ ಬೇಲಿಯಿಲ್ಲದ ಕಡೆಯೂ ಕೇಳತೊಡಗಿದ. ಕ್ರಿಸ್ಮಸ್ಸಿನ ಹೊತ್ತಿಗೆ ತನ್ನ ಕಡೆಯದನ್ನೂ ಅವಳನ್ನೇ ಕೇಳುತ್ತಿದ್ದ. "ಏನಿಲ್ಲ, ಹೋಗು" ಎಂದು ಅವಳು ಹೇಳುತ್ತಿದ್ದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಯೋಚನೆ ಬಂದಾಗಲೆಲ್ಲ, ಕಟ್ಟಿದ ಮೇಲೆ ತನ್ನನ್ನು ಕರೆದೊಯ್ಯುವವರು ಯಾರು ಎಂಬ ಯೋಚನೆ ಅದರ ಬೆನ್ನಿಗೇ ಬರುತ್ತಿತ್ತು. ಅಲ್ಲಿಗೆ ಅವಳ ಬಾಯಿ ಮುಚ್ಚುತ್ತಿತ್ತು.

ಆಟ ಮುಗಿಯಿತು, ಲೀಟ್ರಿಮ್ ಒಂದು ಪಾಯಿಂಟಿನಿಂದ ಸೋತಿತು. ಯಾರಿಗೂ ಬೇಸರವಾಗಲಿಲ್ಲ, ಇನ್ನೊಂದು ಆಟ ತಪ್ಪಿತಲ್ಲ. ಕಾರಿನಲ್ಲಿ ಫೀಲಿಮ್ ಹಿಂದಿನ ಸೀಟಿನಿಂದ ಒಂದೇ ಸಮನೆ ಮಾತಾಡಿದ. ಈಗಿನ ಹುಡುಗರು ಚೆಂಡನ್ನು ಕೈಯಿಂದ ಹಿಂದಕ್ಕೆ ಹಿಂದಕ್ಕೆ ಕೊಡುತ್ತ ಹೋಗಿ ಕೊನೆಗೆ ತಮ್ಮ ಮನೆ ಸೇರುತ್ತಾರೆ ಎಂದ. ಗುಮ್ಮಟದೊಳಗೆ ಆಡುವುದೂ ಒಂದು ಆಟವೇ, ಒಗೆದ ಬಟ್ಟೆ ಒಣಗಿಸುವ ಜಾಗ ಅದು ಎಂದ. ಗೋಲಿಗೆ ಹೊಸಬ ಬೇಕೇಬೇಕು, ಈಗಿನವನು ಚೆಂಡಿಗಿಂತ ಮುಂಚೆ ಬೀಳುತ್ತಾನೆ ಎಂದ. ಹನ್ನೊಂದನೇ ನಂಬರಿನ ಸುದ್ದಿಯನ್ನು ಮಾತ್ರ ಸುತ್ತು ಹಾಕಿಕೊಂಡು ಹೋದ. ಮ್ಯಾಲಕಿ ಅದಕ್ಕೆಲ್ಲ ಹೂಂ, ಹೂಂ ಅನ್ನುತ್ತಿದ್ದ. ಅವನ ಎರಡೂ ಕೈ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದವು.

ಬೆಳಕು ಇಳಿಯುತ್ತಿತ್ತು. ಒಂದು ಹಳ್ಳಿ ದಾಟಿ ಸೇತುವೆಯ ಹತ್ತಿರ ಬಂದಾಗ ಎಡಬದಿಯಲ್ಲಿ ಕಪ್ಪು ಕೋಟು ತೊಟ್ಟ ಒಬ್ಬ ನಾಯಿ ಹಿಡಿದುಕೊಂಡು ಇವರಿಗೆ ಬೆನ್ನು ಮಾಡಿ ನಡೆಯುತ್ತಿದ್ದ. ಅಟ್ರಾಕ್ಟಾ ಅವನನ್ನು ದೂರದಿಂದಲೇ ಕಂಡಳು, ಕಾರು ಸರಿಯುತ್ತದೆಂದು ಕಾದಳು. ಸರಿಯಲಿಲ್ಲ. ಕೋಟಿನ ಹೊಲಿಗೆ ಬಿಟ್ಟದ್ದು ಕಾಣುವಷ್ಟು ಹತ್ತಿರವಾಯಿತು. ಅವಳು ಮೆಲ್ಲಗೇ ಹೇಳಿದಳು.

"ಬಲಕ್ಕೆ ತಗೋ, ಮ್ಯಾಲಕಿ."

ಅವನು ತಕ್ಷಣ ಬಲಕ್ಕೆ ಎಳೆದ. ಪಕ್ಕದ ಕನ್ನಡಿ ಆ ಮನುಷ್ಯನ ತೋಳಿಗೆ ಒಂದು ಗೇಣಿನಲ್ಲಿ ಹಾದುಹೋಯಿತು. ನಾಯಿ ಬೊಗಳಿತು. ಹಿಂದಿನ ಸೀಟಿನಲ್ಲಿ ಫೀಲಿಮ್‌ನ ಮಾತು ನಿಂತಿತು.

"ಹೊಂಡ ಇತ್ತಾ?" ಎಂದು ಮ್ಯಾಲಕಿ ಕೇಳಿದ.

"ಹೂಂ" ಎಂದಳು ಅಟ್ರಾಕ್ಟಾ. "ಹೊಂಡ."

ಹೇಳಿದ ಮೇಲೆ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಉಸಿರಾಡುವ ಒಬ್ಬ ಮನುಷ್ಯನನ್ನು ರಸ್ತೆಯ ಹೊಂಡ ಮಾಡಿದ್ದಳು, ಅದೂ ಮುಂದಿನ ಭಾನುವಾರ ತನಗೆ ಕಾರು ಬೇಕೆಂದು. ಹಗಲು ಕಂಡ ಬಾವಿಗೆ ಇರುಳು ಬಿದ್ದರು ಎನ್ನುವುದು ಬೇರೆ. ಇವಳು ಹಗಲು ಹೊತ್ತಿನಲ್ಲೇ ಇನ್ನೊಬ್ಬರನ್ನು ಬಾವಿಗೆ ನೂಕಲು ಹೊರಟಿದ್ದಳು. ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು. ತುಂಬ ದಣಿವಾಗಿತ್ತು, ಇವತ್ತಿನ ಒಂದು ದಿನದ ದಣಿವಲ್ಲ ಅದು.

ಊರಿಗೆ ಎರಡು ಮೈಲಿ ಇರುವಾಗ ಒಂದು ಅಡ್ಡರಸ್ತೆ ಬರುತ್ತದೆ. ಅಲ್ಲಿ ಮುಚ್ಚಿಹೋದ ಹಳೇ ಶಾಲೆ, ಅದರ ಗೇಟಿನ ಮುಂದೆ ಅಗಲವಾದ ಹುಲ್ಲಿನ ಜಾಗ. ಅದನ್ನು ದಾಟಿದರೆ ಮುಂದೆ ಇವರದೇ ಕಿರುರಸ್ತೆ. ಮ್ಯಾಲಕಿ ಕಾರು ನಿಧಾನಿಸಿ ನಿಲ್ಲಿಸಿದ.

"ನಿನ್ನ ಕಡೆ ಏನಾದ್ರೂ ಬರ್ತಿದ್ಯಾ?"

ಅಟ್ರಾಕ್ಟಾ ಎಡಕ್ಕೆ ನೋಡಿದಳು. ರಸ್ತೆ ಖಾಲಿ. ಬಲಕ್ಕೂ ನೋಡಿದಳು, ಅಲ್ಲಿಯೂ ಖಾಲಿ.

"ಅಟ್ರಾಕ್ಟಾ? ಏನಾದ್ರೂ ಬರ್ತಿದ್ಯಾ ಅಂದೆ."

"ಹೇಳಲ್ಲ" ಎಂದಳು. "ಇನ್ಮೇಲೆ ಹೇಳಲ್ಲ ಮ್ಯಾಲಕಿ. ನೀನೇ ನೋಡಿ ಹೋಗು."

ಮ್ಯಾಲಕಿ ಎಡಕ್ಕೆ ತಿರುಗಿ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ. ಬಹಳ ಹೊತ್ತು ನೋಡಿದ. ಅವನ ಕುತ್ತಿಗೆಯ ನರ ಬಿಗಿದದ್ದು ಕಂಡು ಅಟ್ರಾಕ್ಟಾಗೆ ಅಳು ಬಂತು, ಆದರೂ ಬಾಯಿ ಬಿಡಲಿಲ್ಲ. ಕಾರು ಮುಂದೆ ಹೋಗಲಿಲ್ಲ.

"ಸೇತುವೆ ಹತ್ರ ಇದ್ದಿದ್ದು ಹೊಂಡ ಅಲ್ಲ, ಅಲ್ವಾ?" ಎಂದು ಅವನು ಕೊನೆಗೆ ಕೇಳಿದ.

"ಅಲ್ಲ."

"ಮಗುನಾ?"

"ದೊಡ್ಡವನು. ಏನಾಗಿಲ್ಲ. ನಾಯಿಗೂ ಏನಾಗಿಲ್ಲ."

ಅವನು ಸ್ಟೀರಿಂಗಿನಿಂದ ಕೈ ತೆಗೆದ. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದ್ದಕ್ಕೆ ಅವಳು ಹೋದ ಬೇಸಿಗೆಯಿಂದ ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ, ಸಿಟ್ಟಿನಿಂದಲ್ಲ.

"ಹೇಳಿದ್ರೆ ನನ್ನನ್ನ ಯಾರು ಕರ್ಕೊಂಡು ಹೋಗ್ತಾರೆ?" ಎಂದಳು ಅಟ್ರಾಕ್ಟಾ. "ನಿನಗೋಸ್ಕರ ಸುಮ್ಮನಿರ್ಲಿಲ್ಲ ಕಣೋ. ನನಗೋಸ್ಕರ ಸುಮ್ಮನಿದ್ದೆ."

"ನಾನೂ ಅಷ್ಟೇ" ಎಂದು ಹಿಂದಿನಿಂದ ಫೀಲಿಮ್‌ನ ದನಿ ಬಂತು. ಇಡೀ ದಿನದಲ್ಲಿ ಅವನು ಆಡಿದ ಅತಿ ಚಿಕ್ಕ ಮಾತು ಅದು.

ಮ್ಯಾಲಕಿ ಗೇರು ಹಿಂದಕ್ಕೆ ಹಾಕಿದ. ಮೂವತ್ತು ವರ್ಷ ಶಾಲೆಯ ಗೇಟಿನ ಮುಂದೆ ಹಾಲಿನ ಲಾರಿ ತಿರುಗಿಸಿದ ತೋಳು, ಕಣ್ಣಿನ ಹಂಗೇ ಇಲ್ಲದೆ ಕಾರನ್ನು ಮೆಲ್ಲಗೆ ಹುಲ್ಲಿನ ಮೇಲೆ ತಂದು ಗೋಡೆಗೆ ಸಮನಾಗಿ ನಿಲ್ಲಿಸಿತು. ಯಾವ ಹುಡುಗನೂ ಅಷ್ಟು ನೇರವಾಗಿ ನಿಲ್ಲಿಸಲಾರ. ಅವನು ಕೀಲಿ ತೆಗೆದು ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡ, ಆಮೇಲೆ ಅಟ್ರಾಕ್ಟಾಳ ಮಡಿಲಲ್ಲಿಟ್ಟ.

ಮೂವರೂ ಇಳಿದು ನಡೆಯತೊಡಗಿದರು. ರಸ್ತೆಯ ಮೇಲೆ ಹಿಮ ಕಟ್ಟುತ್ತಿತ್ತು. ಫೀಲಿಮ್ ಮುಂದಿನ ಜನವರಿಗೆ ಸೈಕಲ್ಲಿನಲ್ಲಿ ಹೋಗೋಣ, ಅಟ್ರಾಕ್ಟಾಳನ್ನು ಬುಟ್ಟಿಯಲ್ಲಿ ಕೂರಿಸಿಕೊಳ್ಳೋಣ ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ಬೇಲಿಯ ತಿರುವಿನಲ್ಲಿ ಮ್ಯಾಲಕಿ ಒಮ್ಮೆ ಎಡವಿದ. ಅಟ್ರಾಕ್ಟಾ ಅವನ ತೋಳು ಹಿಡಿದಳು. ಬಿಡಿಸಿಕೊಳ್ಳುತ್ತಾನೆ ಎಂದುಕೊಂಡಿದ್ದಳು, ಅವನು ಬಿಡಿಸಿಕೊಳ್ಳಲಿಲ್ಲ.

ಸ್ವಲ್ಪ ದೂರ ನಡೆದ ಮೇಲೆ ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಆ ಹನ್ನೊಂದನೇ ನಂಬರಿನವನು" ಎಂದ. "ಹೇಗಿದ್ದ?"

"ಉದ್ದಕ್ಕಿದ್ದ" ಎಂದಳು ಅಟ್ರಾಕ್ಟಾ. "ಕೆಂಚು ಕೂದಲು. ಕಾಲ್ಚೀಲ ಒಂದು ಮೇಲೆ, ಒಂದು ಕೆಳಗೆ."

"ಮೊದಲಿಂದ ಹೇಳು."

ಅವಳು ಅವನ ತೋಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಆಟದ ಆರಂಭಕ್ಕೆ ರೆಫರಿ ಚೆಂಡು ಮೇಲಕ್ಕೆಸೆದಲ್ಲಿಂದ ಶುರುಮಾಡಿದಳು.