ಆಚೆ ದಡದ ವೋಟು

ಅಂಚೆಯಲ್ಲಿ ಬಂದ ಮತಪತ್ರವನ್ನು ಗುಲ್ಶನ್ ಮತ್ತೆ ಮತ್ತೆ ತಿರುಗಿಸಿ ನೋಡಿದಳು. ರಾಜ್ಯದ ಅಸೆಂಬ್ಲಿಗೆ ನಿಂತವರಿದ್ದರು, ಸ್ಕೂಲ್ ಬೋರ್ಡಿನವರಿದ್ದರು. ಟೌನ್‌ಶಿಪ್ ಕೌನ್ಸಿಲ್, ಅಂದರೆ ಊರಿನ ಪುರಸಭೆ, ಎಂಬಲ್ಲಿ ಮಾತ್ರ ಯಾರೋ ಕಂಡು ಕೇಳರಿಯದವರು. ಅದಕ್ಕೇ ನಿಂತಿದ್ದ ಗೆಳತಿ ನೀತಾಳ ಹೆಸರೇ ಇಲ್ಲ!

"ರೀ, ಇದರಲ್ಲಿ ನೀತಾ ಎಲ್ಲಿ?"

ಗಂಡ ಅಯೂಬ್ ಫೋನಿನಲ್ಲಿ ಟೌನ್‌ಶಿಪ್ಪಿನ ನಕ್ಷೆ ತೆರೆದು ಹುಬ್ಬೇರಿಸಿದ. "ಗಡಿ ನಮ್ಮ ರೋಡಲ್ಲೇ ಹೋಗತ್ತೆ ಕಣೆ. ನೀತಾ ಆಚೆ ಟೌನ್‌ಶಿಪ್ಪು, ನಾವು ಈಚೆ."

"ಜಿಪ್ ಕೋಡ್ ಒಂದೇ ಅಲ್ವಾ?"

"ಅದು ಪೋಸ್ಟಾಫೀಸಿಂದು."

"ಸ್ಕೂಲೂ ಒಂದೇ."

"ಅದು ಸ್ಕೂಲ್ ಡಿಸ್ಟ್ರಿಕ್ಟು."

"ಅಸೆಂಬ್ಲಿಗೂ ಒಂದೇ ಅಂತ ಮೊನ್ನೆ ನೀವೇ ಅಂದ್ರಿ!"

"ಅಸೆಂಬ್ಲಿಗೆ ಒಂದೇ, ಕೌನ್ಸಿಲ್‌ಗೆ ಬೇರೆ. ನನ್ನ ಕೇಳಬೇಡ, ಗೆರೆ ಎಳೆದೋನು ನಾನಲ್ಲ."

ಗುಲ್ಶನ್‌ಗೆ ತಲೆ ಗಿರ್ರೆಂದಿತು. ಮಗಳು ನಬೀಲಾಳ ಸ್ಕೂಲ್ ಬಸ್ಸು ನಿಲ್ಲುವುದು ಆ ರಸ್ತೆಯ ಆಚೆ ಬದಿಯಲ್ಲಿ. ಬೆಳಗ್ಗೆ ಕಾರುಗಳು ಬಾಣದಂತೆ ಹೋಗುತ್ತವೆ. ದಾಟುವವರಿಗೆ ಸಿಗ್ನಲ್ ಇಲ್ಲ. ಗೆದ್ದರೆ ಮೊದಲು ಅದನ್ನೇ ಹಾಕಿಸುವೆನೆಂದು ನೀತಾ ಮಾತು ಕೊಟ್ಟಿದ್ದಳು. ಆ ಒಂದು ಮಾತಿಗಾಗಿ ಗುಲ್ಶನ್ ಹಂಡೆಯಷ್ಟು ಕೇಸರಿಬಾತ್ ಮಾಡಿ, ಅಪಾರ್ಟ್‌ಮೆಂಟಿನವರನ್ನೆಲ್ಲ ಕ್ಲಬ್‌ಹೌಸಿಗೆ ಕರೆದಿದ್ದಳು. ತಿಂದವರೆಲ್ಲ ವೋಟು ನಿನಗೇ ಎಂದು ನೀತಾಳ ಬೆನ್ನು ತಟ್ಟಿದ್ದರು. ಟೌನ್‌ಶಿಪ್ ಯಾವುದೆಂದು ಒಬ್ಬರೂ ಕೇಳಿರಲಿಲ್ಲ. ಕನ್ನಡ ಕೂಟದ ಲೆಕ್ಕದಲ್ಲಿ, ಒಂದೇ ಅಂಗಡಿಯಲ್ಲಿ ಕರಿಬೇವು ಕೊಳ್ಳುವವರೆಲ್ಲ ಒಂದೇ ಊರಿನವರು.

"ಇದನ್ನ ಹೇಳದಿದ್ರೆ ನೀತಾ ಇಲ್ಲೇ ವೋಟು ಕೇಳ್ಕೊಂಡು ಸೋಲ್ತಾಳೆ. ಹೇಳಿದ್ರೆ ನಮ್ಮ ಹತ್ರ ವೋಟಿಲ್ಲ ಅಂತ ನಮ್ಮನ್ನ ಮರೀತಾಳೆ," ಎಂದಳು ಗುಲ್ಶನ್. ಹೇಗೆ ನೋಡಿದರೂ ಸಿಗ್ನಲ್ ಬರುವ ದಾರಿ ಕಾಣಲಿಲ್ಲ.

ಶನಿವಾರ ನೀತಾ ಕರಪತ್ರಗಳ ಕಟ್ಟು ಹಿಡಿದು ಬಂದಳು. "ಬೇಗ ಟೀ ಕೊಡೇ, ನಿಮ್ಮ ಬಿ ಬ್ಲಾಕ್ ಬಾಕಿ ಇದೆ." ಗುಲ್ಶನ್ ಟೀ ಕೊಟ್ಟಳು. ಲೋಟ ಅರ್ಧ ಖಾಲಿಯಾಗುವವರೆಗೆ ತಡೆದು, ಮತಪತ್ರವನ್ನು ಮುಂದಿಟ್ಟಳು.

ನೀತಾ ಓದಿದಳು. ಇನ್ನೊಮ್ಮೆ ಓದಿದಳು. "ಹಾಗಾದ್ರೆ ಇಷ್ಟು ವೀಕೆಂಡ್ ನಾನು ಯಾರ ಊರಲ್ಲಿ ಕೈ ಮುಗಿದೆ? ವೋಟರ್ ಲಿಸ್ಟ್ ನೋಡು ಅಂತ ನನ್ನ ಗಂಡ ಶ್ರೀನಿ ಬಡ್ಕೊಂಡ. ನಾನು ಕನ್ನಡ ಕೂಟದ ಡೈರೆಕ್ಟರಿ ಸಾಕು, ನನ್ನ ಜನ ನಂಗೊತ್ತಿಲ್ವಾ ಅಂದೆ!"

"ನೀತಾ, ಸಿಗ್ನಲ್ ಕೈ ಬಿಡ್ತೀಯಾ?"

ನೀತಾ ಲೋಟ ಕೆಳಗಿಟ್ಟಳು. "ಸುಳ್ಳು ಯಾಕೆ ಹೇಳಲಿ? ಆಚೆಯೋರು ಟ್ಯಾಕ್ಸ್ ಕೇಳ್ತಾರೆ, ಕಸದ ಗಾಡಿ ಕೇಳ್ತಾರೆ. ಸಿಗ್ನಲ್ ಯಾರಿಗೂ ಬೇಕಿಲ್ಲ. ಅವರ ಮಕ್ಕಳು ರೋಡ್ ದಾಟಲ್ವಲ್ಲ ಕಣೆ."

"ನಂದು ದಾಟತ್ತಲ್ಲ."

"ಹಾಗಾದ್ರೆ ನೀನೇ ಬಂದು ಹೇಳು. ನಾನು ಹೇಳಿದ್ರೆ ಭಾಷಣ ಆಗತ್ತೆ."

ನಬೀಲಾಳನ್ನೂ ಕರೆದುಕೊಂಡು ಮೂವರೂ ಹೊರಟರು. ರಸ್ತೆಯಂಚಿನಲ್ಲಿ ನಬೀಲಾ ಇಬ್ಬರ ಕೈಯನ್ನೂ ಬಿಗಿಯಾಗಿ ಹಿಡಿದು, "ಅಮ್ಮೀ, ವೇಟ್... ನಾಟ್ ಯೆಟ್... ನೌ, ರನ್!" ಎಂದಳು. ಓಡಿದರು. ನೀತಾಳ ಕೈಯಿಂದ ಕರಪತ್ರಗಳು ಚೆಲ್ಲಿದವು. ಯಾವ ಕಾರೂ ನಿಲ್ಲದ್ದರಿಂದ, ಅವನ್ನು ಆರಿಸಿಕೊಳ್ಳಲು ಹಿಂದಿರುಗುವ ಧೈರ್ಯ ಅವಳಿಗೆ ಬರಲಿಲ್ಲ. "ದಿನಾ ಹೀಗೇನಾ?" ಎಂದು ಏದುಸಿರಿನಲ್ಲೇ ಕೇಳಿದಳು.

"ಮಳೇಲಿ ಇನ್ನೂ ಕಷ್ಟ."

ಮೊದಲ ಮನೆಯ ಬಾಗಿಲು ತೆರೆದವರು ಸ್ವೆಟರ್ ತೊಟ್ಟ ವೃದ್ಧರು, ಅಶ್ವತ್ಥನಾರಾಯಣ. ನಮಸ್ಕಾರಕ್ಕೂ ಮೊದಲೇ ನೀತಾ, "ಅಂಕಲ್, ನಿಮ್ಮದು ಯಾವ ಟೌನ್‌ಶಿಪ್ಪು?" ಎಂದಳು.

"ಮಂಡ್ಯ," ಎಂದರು ಅವರು.

ನೀತಾ ಹಣೆ ಚಚ್ಚಿಕೊಂಡಳು. ಗುಲ್ಶನ್ ಮುಂದೆ ಬಂದಳು. "ಅಂಕಲ್, ನಾವು ಎದುರಿನವರು. ಇವರಿಗೆ ವೋಟು ಹಾಕೋ ಹಕ್ಕು ನಮಗಿಲ್ಲ. ಆದರೆ ನನ್ನ ಮಗಳು ದಿನಾ ಬೆಳಗ್ಗೆ ನಿಮ್ಮ ಬದಿಗೆ ದಾಟಬೇಕು. ಇವರು ಗೆದ್ರೆ ಇಲ್ಲಿ ಸಿಗ್ನಲ್ ಹಾಕಿಸ್ತಾರೆ, ಅವಳಿಗೋಸ್ಕರ ನಿಮ್ಮ ವೋಟು ಕೇಳೋಕೆ ಬಂದೆ."

ಅವರು ನಬೀಲಾಳನ್ನು ನೋಡಿದರು. ಆಮೇಲೆ ರಸ್ತೆಯ ಮೇಲೆ ಹಾರುತ್ತಿದ್ದ ಕಾಗದಗಳನ್ನು ನೋಡಿದರು.

"ನಂಗೆ ವೋಟಿಲ್ಲ ತಾಯಿ, ವಿಸಿಟರ್ ವೀಸಾ. ಸೊಸೆಗಿದೆ, ಆದರೆ ಅವಳು ಯಾವ ಎಲೆಕ್ಷನ್ನಿಗೂ ಹೋಗೋಳಲ್ಲ." ಬಾಗಿಲನ್ನು ಅಗಲಕ್ಕೆ ತೆರೆದು ಒಳಗೆ ಕೂಗಿದರು: "ಕೀರ್ತೀ, ಒಲೆ ಆರಿಸಿ ಬಾ ಇಲ್ಲಿ. ಮಗು ಏನೋ ಕೇಳ್ತಾ ಇದೆ."