ಅಯ್ಯನವರ ಎಡಗಾಲು

ನೀರು ಉಗುರುಬೆಚ್ಚಗಿದೆ, ಕಸ್ತೂರೆಮ್ಮ ಕಾಸಿಯೇ ತಂದಿರಬೇಕು, ಶ್ರಾವಣ ಸೋಮವಾರದ ಪಾದಪೂಜೆಗೆಂದು ಸಿಂಧನೂರಿನಿಂದ ಮಸ್ಕಿಗೆ ಬಂದ ಅಯ್ಯನವರ ಕಾಲಿಗೆ ತಣ್ಣೀರು ಹೇಗೆ ಹಾಕುವುದು ಎಂದು — ಕರಿಬಸಯ್ಯನ ಎರಡೂ ಪಾದ ಹಿತ್ತಾಳೆ ಪರಾತದೊಳಗಿನ ಮಣೆಯ ಮೇಲಿವೆ, ಮಣೆಯ ಒಂದು ಮೂಲೆ ತುಸು ಎತ್ತರ, ಎಡಗಾಲು ತಾನಾಗಿಯೇ ಭಾರವನ್ನು ಅತ್ತ ಹಾಕುತ್ತದೆ, ಹಾಕಬಾರದು, ಇದು ಪೂಜೆ, ಈ ಮಣೆಗೆ ಗಾಲಿಯಿಲ್ಲ. ನಲವತ್ತಮೂರು ವರ್ಷದ ಜಂಗಮ, ಮಗಳ ಮದುವೆ ಮಾಡಿ ಮುಗಿಸಿದವನು, ಮಣೆ ಕಂಡರೆ ಗಾಲಿ ಹುಡುಕುವ ಬುದ್ಧಿ ಬಂದದ್ದು ಹೋದ ವರ್ಷ, ತೊಂಬತ್ತರಲ್ಲಿ, ಲಿಂಗಸುಗೂರಿನ ಟಿವಿ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ, ಗಾಜಿನಾಚೆ ಯಾವುದೋ ದೇಶದ ನರೆಗಡ್ಡದ ಮನುಷ್ಯ ಗಾಲಿಹಲಗೆಯ ಮೇಲೆ ನಿಂತು ಇಳಿಜಾರಿನಲ್ಲಿ ಜಾರಿ ಹೋದ, ಸ್ಕೇಟ್‌ಬೋರ್ಡ್ ಅಂತಾರ್ರಿ ಅದಕ್ಕ ಎಂದ ಅಂಗಡಿಯವನು, ಬಸ್ಸು ಬಂದು ಹೋಯಿತು, ಇವನು ನಿಂತೇ ಇದ್ದ. ಆಮೇಲೆ ಅಕ್ಕಿ ಗಿರಣಿಯ ಫಿಟರ್ ಯಂಕೋಬ, ಸಾಗವಾನಿ ಹಲಗೆಗೆ ಹಳೇ ಬೇರಿಂಗಿನ ನಾಲ್ಕು ಗಾಲಿ ಕೂರಿಸುತ್ತಾ, ಯಾರಿಗ್ರೀ ಅಯ್ಯಾರ, ಹುಟ್ಟೋ ಮೊಮ್ಮಗಗೇನು ಎಂದು ಕೇಳಿದ, ಹೂಂ ಎನ್ನಲು ಬಾಯಿ ತೆರೆದ ಕರಿಬಸಯ್ಯ ನನಗಪಾ ಅಂದುಬಿಟ್ಟ, ಯಂಕೋಬ ನಗಲಿಲ್ಲ, ಗಿರಣಿ ಬಂದ್ ಐತಿ, ಭತ್ತ ಒಣಗಸೋ ಕಣ ಖಾಲಿ ಬಿದ್ದೈತಿ, ಮಧ್ಯಾಹ್ನ ಬರ್ರಿ, ಯಾರೂ ಇರಂಗಿಲ್ಲ ಎಂದ. ಎಕರೆಗಟ್ಟಲೆ ಸಿಮೆಂಟು, ಕಾಳು ಹರಡಿ ಹರಡಿ ನುಣುಪಾದದ್ದು, ಕಾವಿ ಧೋತರ ಮೇಲೆ ಕಟ್ಟಿ, ಕೊರಳ ಲಿಂಗವನ್ನು ಎದೆಗೆ ವಸ್ತ್ರದಿಂದ ಬಿಗಿದು, ಒಂದು ಕಾಲು ಒದ್ದರೆ ಸಾಕು — ಅಲ್ಲಿ ಯಾರೂ ಕಾಲು ಮುಟ್ಟುವುದಿಲ್ಲ, ಹದಿನಾರನೇ ವಯಸ್ಸಿನಿಂದ ಪಾದಪೂಜೆಗೆಂದು ಊರ ಪಾಲಾಗಿದ್ದ ಕಾಲು ಅಲ್ಲಿ ಅವನದೇ, ಇಷ್ಟು ಸಂತೋಷ ತನ್ನ ಮದುವೆಯಲ್ಲೂ ಆಗಿರಲಿಲ್ಲ, ಹೆಂಡತಿಗೆ ಹೇಳುವ ಮಾತಲ್ಲ. ಮೊನ್ನೆ ಶನಿವಾರ ಕಣದ ಅಂಚಿಗೆ ಬಡಿದು ಬಿದ್ದ, ಎಡಗಾಲ ಹರಡಿನ ಗಂಟು ತರಚಿತು, ಹಲಗೆ ಅಂಗಾತ ಬಿದ್ದಿತ್ತು, ಒಂದು ಗಾಲಿ ಮಾತ್ರ ಬಿಸಿಲಿನಲ್ಲಿ ಗರಗರ ತಿರುಗುತ್ತಲೇ ಇತ್ತು, ನಿಲ್ಲಿಸಲು ಯಂಕೋಬ ಬೆರಳು ಚಾಚಿದ, ಬ್ಯಾಡ, ಇರ್ಲಿ ಬಿಡು ಎಂದ ಕರಿಬಸಯ್ಯ, ಬಿದ್ದಲ್ಲಿಂದಲೇ ನೋಡುತ್ತಾ ಮಲಗಿದ್ದ.

ಕಸ್ತೂರೆಮ್ಮನ ಹೆಬ್ಬೆರಳು ಆ ಹರಡಿನ ಮೇಲೇ ನಿಂತಿದೆ. ವಿಭೂತಿ ಹಚ್ಚಲು ಹೋದವಳು ನಿಂತಳು, ಬೆಚ್ಚನೆಯ ನೀರಿಗೆ ಗಾಯದ ಹಕ್ಕಳೆ ಬಿಚ್ಚಿಕೊಂಡಿದೆ, ಪರಾತದ ನೀರಿನಲ್ಲಿ ಕೆಂಪು ಎಳೆಯೊಂದು ಇಳಿಯುತ್ತಿದೆ. ಎಷ್ಟ್ ನಡೀತೀರೋ ಯಪ್ಪಾ, ಮುಕ್ಕುಂದ ಅಂತೀರಿ, ಸಾಲಗುಂದ ಅಂತೀರಿ, ಬರಿಗಾಲಾಗ, ನಮ್ಮ ಸಲುವಾಗಿ ಪಾದ ಒಡದಾವ ನೋಡವಾ ಸಂಗಮ್ಮ — ನೀರಿನ ತಂಬಿಗೆ ಹಿಡಿದ ಸೊಸೆ ಬಗ್ಗಿ ನೋಡಿ ಲೊಚಗುಟ್ಟಿದಳು. ಸುಮ್ಮನಿದ್ದರಾಯಿತು, ಕಣ್ಣು ಮುಚ್ಚಿದರಾಯಿತು, ಮೌನ ಅಯ್ಯನವರಿಗೆ ಒಪ್ಪುತ್ತದೆ. ಸಾಲಗುಂದಕ್ಕೆ ಅವನು ನಡೆದು ಎಷ್ಟು ವರ್ಷವಾಯಿತು, ಈಗ ಟೆಂಪೋ ಇದೆ. ಹೇಳಿದರೆ ಸುದ್ದಿ ಮೊದಲು ಈ ಮನೆ, ಆಮೇಲೆ ಈ ಓಣಿ, ಸಂಜೆಯೊಳಗೆ ಸಿಂಧನೂರು, ಈ ಕಾಲಿಗೆ ಇನ್ನು ಯಾರು ನೀರು ಹಾಕುತ್ತಾರೆ, ಹಲಗೆಯನ್ನು ಹೆಂಡತಿ ನೀರೊಲೆಗೆ ತುರುಕುತ್ತಾಳೆ. ಹೇಳದಿದ್ದರೆ ಹಲಗೆಯೂ ಉಳಿಯಿತು, ಕಾಲೂ ಉಳಿಯಿತು, ಆದರೆ ಎಪ್ಪತ್ತು ದಾಟಿದ ಈ ಮುದುಕಿ ಅವನು ಆಡಿ ಬಿದ್ದದ್ದನ್ನು ತಪಸ್ಸೆಂದು ಪಾದೋದಕದಲ್ಲಿ ಕುಡಿಯುತ್ತಾಳೆ, ಕುಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ನಾಚಿಕೆಯಾಯಿತು ಅವನಿಗೆ, ಬಿದ್ದದ್ದಕ್ಕಲ್ಲ. ಕಸ್ತೂರೆಮ್ಮ ಪರಾತದ ನೀರನ್ನು ಬೊಗಸೆ ತುಂಬಿಕೊಂಡಳು, ಎತ್ತಿದಳು — ಕುಡಿಬ್ಯಾಡ್ರಿ ಯಮ್ಮ, ಇದು ನಡದ ಗಾಯ ಅಲ್ಲ, ಗಾಲಿ ಹಲಗಿ ಮ್ಯಾಲ ಆಡಾಕ ಹೋಗಿ ಬಿದ್ದೀನಿ — ಯಾರು ಅಂದದ್ದು ಇದನ್ನು, ತಾನೇ. ಆಡಾಕ? ಎಂದಳು ಕಸ್ತೂರೆಮ್ಮ. ಹೂಂ, ಆಡಾಕ. ಸಂಗಮ್ಮನ ತಂಬಿಗೆ ವಾಲಿತು, ಮುದುಕಿಯ ಬೊಗಸೆ ತುಟಿಯಿಂದ ಗೇಣು ಕೆಳಗೆ ನಿಂತಿದೆ, ಮೇಲೆ ಹೋಗದು, ಕೆಳಗೂ ಇಳಿಯದು, ಬೆರಳ ಸಂದಿಯಿಂದ ಒಂದು ಹನಿ ಹಿತ್ತಾಳೆಗೆ, ಇನ್ನೊಂದು, ಕುಡಿಯುತ್ತಾಳೋ ಚೆಲ್ಲುತ್ತಾಳೋ, ಕರಿಬಸಯ್ಯನ ಮನಸ್ಸು ಅನ್ನುತ್ತಿದೆ, ಬ್ಯಾಡ, ಇರ್ಲಿ ಬಿಡು, ಯಾರೂ ಬೆರಳು ಇಡಬ್ಯಾಡ್ರಿ, ಬಿಸಿಲಿನಲ್ಲಿ ಅಂಗಾತ ಬಿದ್ದ ಹಲಗೆ, ಆ ಒಂದು ಗಾಲಿ, ಇನ್ನೂ ತಿರುಗುತ್ತಿದೆ, ಆ ಗಾಲಿ.